ಲಿನಕ್ಸ್ ವಿತರಣೆಗಳಲ್ಲಿ ಕರ್ನಲ್ ಆವೃತ್ತಿಯ ಆಯ್ಕೆ: ಡೆಬಿಯನ್ ನಡೆದುಬಂದ ದಾರಿ

ಯಂತ್ರಾಂಶಕ್ಕೂ ಉಳಿದೆಲ್ಲ ತಂತ್ರಾಂಶಕ್ಕೂ ನಡುವೆ ನಿಂತು ಮೆಮೊರಿ, ಡಿಸ್ಕ್, ಜಾಲ, ಪ್ರೊಸೆಸರ್ ಸಮಯಗಳನ್ನು ಹಂಚಿಕೊಡುವ ಭಾಗ ಕರ್ನಲ್. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು–ಹತ್ತು ವಾರಕ್ಕೊಮ್ಮೆ ಹೊರಬರುತ್ತದೆ. ಕರ್ನಲ್‌ಗೆ ಉಳಿದ ತಂತ್ರಾಂಶಗಳನ್ನು ಸೇರಿಸಿ ಪೂರ್ತಿ ವ್ಯವಸ್ಥೆಯಾಗಿ ಕೊಡುವ ಡೆಬಿಯನ್‌ನಂಥ ವಿತರಣೆ ಹೊರಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ. ಬಂದ ಮೇಲೆ ಅದನ್ನು ಐದು ವರ್ಷ ಕಾಪಾಡಬೇಕು. ಹಾಗಾಗಿ ಎರಡು ಬಿಡುಗಡೆಗಳ ನಡುವೆ ಹುಟ್ಟಿದ ಹತ್ತು–ಹನ್ನೆರಡು ಕರ್ನಲ್‌ಗಳಲ್ಲಿ ಒಂದನ್ನು ಹಿಡಿದು, ಉಳಿದವನ್ನು ಬಿಟ್ಟು, ಹಿಡಿದದ್ದರ ಜೊತೆ ವರ್ಷಗಟ್ಟಲೆ ಬಾಳಬೇಕಾಗುತ್ತದೆ.

ಯಾವ ಆವೃತ್ತಿ ಎಲ್ಲಕ್ಕಿಂತ ಉತ್ತಮ ಎಂದು ನೋಡಿ ಆರಿಸಿದರಾಯಿತು ಎಂದು ಹೊರಗಿನವರಿಗೆ ತೋರಬಹುದು. ಈ ಕೆಲಸದಲ್ಲಿ ಇರುವವರು ಕೇಳುವ ಪ್ರಶ್ನೆ ಬೇರೆ: ಮೂರನೆಯ ವರ್ಷದಲ್ಲಿ ಒಂದು ಭದ್ರತಾ ದೋಷ ಬಯಲಾದರೆ ಈ ಆವೃತ್ತಿಗೆ ತೇಪೆ ಹಾಕುವವರು ಯಾರು? ಲಿನಕ್ಸ್ ವಿತರಣೆಗಳ ಇತಿಹಾಸದಲ್ಲಿ ಒಳ್ಳೆಯ ಆಯ್ಕೆ ಎನಿಸಿಕೊಂಡವೆಲ್ಲ ಈ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿದ್ದವು.

ಕರ್ನಲ್‌ನ ಮೂಲ ಯೋಜನೆಯ ಲಯ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಕರ್ನಲ್ 1994ರ ಮಾರ್ಚ್‌ನಲ್ಲಿ 1.0 ಆಯಿತು. ಅನಂತರ ಬಹುಕಾಲ ಸಮ–ಬೆಸ ಪದ್ಧತಿ ನಡೆಯಿತು. ಎರಡನೆಯ ಅಂಕಿ ಸಮವಾಗಿದ್ದರೆ (2.0, 2.2, 2.4) ಬಳಕೆಗೆ, ಬೆಸವಾಗಿದ್ದರೆ (2.1, 2.3, 2.5) ಪ್ರಯೋಗಕ್ಕೆ. ವಿತರಣೆಗಳಿಗೆ ಆಯ್ಕೆ ಸುಲಭವಿದ್ದಂತೆ ಕಂಡರೂ ಕಾಯುವಿಕೆ ಬಹಳ ದೀರ್ಘವಾಗಿತ್ತು. 2001ರ ಜನವರಿಯಲ್ಲಿ 2.4 ಬಂದರೆ 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ಅಷ್ಟು ದಿನ ಗ್ರಾಹಕರನ್ನು ಕಾಯಿಸಲಾಗದ ಕಂಪನಿಗಳು 2.5ರ ಸೌಲಭ್ಯಗಳನ್ನು ಕಿತ್ತು ತಂದು ತಮ್ಮ 2.4ಕ್ಕೆ ಜೋಡಿಸಿಕೊಂಡವು. 2003ರ ರೆಡ್ ಹ್ಯಾಟ್ ಲಿನಕ್ಸ್ 9ರಲ್ಲಿದ್ದ ಹೊಸ ಥ್ರೆಡ್ ವ್ಯವಸ್ಥೆ ಬಂದದ್ದು ಹೀಗೆಯೇ. ಹೆಸರಿಗೆ ಎಲ್ಲರದೂ 2.4, ಒಳಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ.

2.6 ಬಂದ ಮೇಲೆ ಬೆಸ ಸರಣಿ ತೆರೆಯುವುದು ನಿಂತಿತು. ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವುದು, ಮುಂದಿನ ಆರೇಳು ವಾರ ತಪ್ಪು ತಿದ್ದುವುದು, ಬಿಡುಗಡೆ ಮಾಡುವುದು ಎಂಬ ಈಗಿನ ಲಯ ಆಗ ಶುರುವಾಯಿತು. ಆದರೆ ಬಿಡುಗಡೆಯಾದ ಮಾರನೆಯ ದಿನವೇ ಒಂದು ದೋಷ ಸಿಕ್ಕರೆ ಮುಂದಿನ ಆವೃತ್ತಿಯವರೆಗೆ ಕಾಯಬೇಕೆ? 2005ರ ಮಾರ್ಚ್‌ನಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ 2.6.11ರಿಂದ ‘ಸ್ಟೇಬಲ್’ ಶಾಖೆ ಆರಂಭಿಸಿದರು. ಅಲ್ಲಿಗೆ ಹೊಸ ಸೌಲಭ್ಯಕ್ಕೆ ಪ್ರವೇಶವಿಲ್ಲ, ದುರಸ್ತಿಗೆ ಮಾತ್ರ. ಪ್ಯಾಚ್ (ತೇಪೆಯ ಕೋಡ್) ನೂರು ಸಾಲು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ದುರಸ್ತಿ ಮೊದಲು ಟೊರ್ವಾಲ್ಡ್ಸ್ ಅವರ ಮುಖ್ಯ ಶಾಖೆಗೆ ಸೇರಿರಬೇಕು. ಈ ಕೊನೆಯ ನಿಯಮ ನೋಡಲು ಸಣ್ಣದು. ಹಳೆಯ ಆವೃತ್ತಿಯಲ್ಲಿ ಸರಿಯಾದ ತಪ್ಪು ಹೊಸ ಆವೃತ್ತಿಯಲ್ಲಿ ಮತ್ತೆ ತಲೆಯೆತ್ತದಂತೆ ತಡೆಯುವುದು ಇದೇ.

ಸಾರ್ಜ್: ಎರಡು ಕರ್ನಲ್‌ಗಳ ಭಾರ

ಡೆಬಿಯನ್ ಸ್ವಯಂಸೇವಕರ ವಿತರಣೆ. ಕರ್ನಲ್ ದುರಸ್ತಿಗೆಂದೇ ನೂರಾರು ಎಂಜಿನಿಯರುಗಳನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದಲೇ ಆಯ್ಕೆಯ ಬೆಲೆ ಅಲ್ಲಿ ಎದ್ದು ಕಾಣುತ್ತದೆ.

2002ರ ‘ವುಡಿ’ ಬಿಡುಗಡೆಯಲ್ಲಿ 2.2 ಮುಖ್ಯ ಕರ್ನಲ್. 2.4 ಬೇಕೆನ್ನುವವರು ಅನುಸ್ಥಾಪನೆಯ ಮೊದಲ ಪರದೆಯಲ್ಲಿ ‘ಬಿಎಫ್24’ ಎಂದು ಟೈಪ್ ಮಾಡಬೇಕಿತ್ತು. 2005ರ ಜೂನ್‌ನಲ್ಲಿ ‘ಸಾರ್ಜ್’ ಬಂದಾಗಲೂ ಅದೇ ಇಬ್ಬಂದಿ ಒಂದು ಮೆಟ್ಟಿಲು ಮೇಲೆ ಮುಂದುವರಿಯಿತು. ಸಾಮಾನ್ಯ ಪಿಸಿಯಲ್ಲಿ ಎಂಟರ್ ಒತ್ತಿದರೆ 2.4.27, ‘ಲಿನಕ್ಸ್26’ ಎಂದು ಬರೆದು ಎಂಟರ್ ಒತ್ತಿದರೆ 2.6.8. ಹಳೆಯದನ್ನು ನಂಬಿದವರನ್ನು ಕೈಬಿಡಬಾರದು, ಹೊಸ ಯಂತ್ರ ಕೊಂಡವರನ್ನೂ ನಿರಾಶೆಗೊಳಿಸಬಾರದು ಎಂಬ ಸದಾಶಯ ಇದರ ಹಿಂದಿತ್ತು. ಅದಕ್ಕೆ ತೆತ್ತ ಬೆಲೆ ದೊಡ್ಡದು.

ಸಾರ್ಜ್ ನಡೆಯುತ್ತಿದ್ದುದು 11 ಬಗೆಯ ಪ್ರೊಸೆಸರ್ ವಿನ್ಯಾಸಗಳ ಮೇಲೆ: ಇಂಟೆಲ್ ಪಿಸಿಯಿಂದ ಹಿಡಿದು ಐಬಿಎಂ ಮೇನ್‌ಫ್ರೇಮ್, ಆಲ್ಫಾ, ಸ್ಪಾರ್ಕ್, ಮೊಟೊರೊಲಾ 68000 ಕುಟುಂಬದವರೆಗೆ. ಆಗಿನ ಪದ್ಧತಿಯಲ್ಲಿ ಕರ್ನಲ್‌ನ ಮೂಲ ಕೋಡ್ ಒಂದು ಪ್ಯಾಕೇಜು, ಪ್ರತಿ ವಿನ್ಯಾಸದ ಕರ್ನಲ್ ಇನ್ನೊಂದು ಪ್ಯಾಕೇಜು, ಅದಕ್ಕೆ ಬೇರೆಯೇ ನಿರ್ವಾಹಕ, ಅವರದೇ ಪ್ಯಾಚುಗಳು. ಯಾವ ವಿನ್ಯಾಸದಲ್ಲಿ 2.4, ಯಾವುದರಲ್ಲಿ 2.6, ಯಾವುದರಲ್ಲಿ ಎರಡೂ ಎಂಬುದಕ್ಕೂ ಒಂದೇ ಸೂತ್ರವಿರಲಿಲ್ಲ. ಭದ್ರತಾ ದೋಷವೊಂದು ಪ್ರಕಟವಾದರೆ ಮೊದಲು 2.4ರಲ್ಲಿ ಅದು ಇದೆಯೇ ನೋಡಬೇಕು, 2.6.8ರಲ್ಲಿ ಇದೆಯೇ ನೋಡಬೇಕು. ಇದ್ದರೆ ಎರಡಕ್ಕೂ ಬೇರೆ ಬೇರೆ ಪ್ಯಾಚ್ ಹೊಂದಿಸಬೇಕು. ಆಮೇಲೆ ಸಾಲಾಗಿ ಎಲ್ಲ ವಿನ್ಯಾಸಗಳ ಪ್ಯಾಕೇಜುಗಳನ್ನೂ ಮರಳಿ ಕಟ್ಟಬೇಕು. ಅವುಗಳಲ್ಲಿ ಅತಿ ನಿಧಾನದ ಯಂತ್ರ ಕಟ್ಟಿ ಮುಗಿಸುವವರೆಗೆ ಉಳಿದವರೂ ಕಾಯಬೇಕು.

2.6.8ರ ಆಯ್ಕೆಯಲ್ಲಿ ಇನ್ನೊಂದು ತೊಡಕಿತ್ತು. ಅದು ಹೊರಬಂದದ್ದು 2004ರ ಆಗಸ್ಟ್‌ನಲ್ಲಿ. ಜಾಲದ ಮೂಲಕ ಕಡತ ಹಂಚಿಕೊಳ್ಳುವ ಎನ್‌ಎಫ್‌ಎಸ್‌ನಲ್ಲಿದ್ದ ಒಂದು ತಪ್ಪಿಗಾಗಿ ಕೂಡಲೇ 2.6.8.1 ಬಂದಿತೇ ಹೊರತು, ಮುಂದೆ ಅದನ್ನು ನೋಡಿಕೊಳ್ಳುವ ಶಾಖೆ ಮೂಲ ಯೋಜನೆಯಲ್ಲಿ ಇರಲಿಲ್ಲ. ಸ್ಟೇಬಲ್ ಪದ್ಧತಿ ಹುಟ್ಟಿದ್ದೇ ಮೂರು ಆವೃತ್ತಿಗಳ ಅನಂತರ. ಹೀಗಾಗಿ 2008ರ ಮಾರ್ಚ್‌ವರೆಗೆ ಸಾರ್ಜ್‌ನ 2.6.8ಕ್ಕೆ ಬೇಕಾದ ಪ್ರತಿಯೊಂದು ದುರಸ್ತಿಯನ್ನೂ ಡೆಬಿಯನ್‌ನ ಬೆರಳೆಣಿಕೆಯ ಜನ, ದಿನದಿಂದ ದಿನಕ್ಕೆ ದೂರವಾಗುತ್ತಿದ್ದ ಮುಖ್ಯ ಶಾಖೆಯಿಂದ ಹುಡುಕಿ ತಂದು, ಹಳೆಯ ಕೋಡ್‌ಗೆ ಕೈಯಾರೆ ಹೊಂದಿಸಬೇಕಾಯಿತು. ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಈ ದುಡಿಮೆಯ ದಾಖಲೆ ಎಲ್ಲಿಯೂ ಎದ್ದು ಕಾಣುವುದಿಲ್ಲ. ಆದರೆ ಸಾರ್ಜ್ ಓಡಿಸುತ್ತಿದ್ದ ಸರ್ವರ್‌ಗಳು ಸುರಕ್ಷಿತವಾಗಿ ಉಳಿದದ್ದು ಅದರ ಬಲದಿಂದಲೇ.

ಒಂದೇ ಪ್ಯಾಕೇಜು, ಒಂದೇ ಕರ್ನಲ್

ಪಾಠ ಬೇಗ ನಾಟಿತು. 2005ರಲ್ಲೇ ಕರ್ನಲ್ ತಂಡ ಎಲ್ಲ ವಿನ್ಯಾಸಗಳನ್ನೂ ಒಂದೇ ಮೂಲ ಪ್ಯಾಕೇಜಿನ ಕೆಳಗೆ ತಂದಿತು. 2007ರ ಏಪ್ರಿಲ್‌ನ ‘ಎಚ್’ ಬಿಡುಗಡೆಯಲ್ಲಿ 2.4 ಇರಲಿಲ್ಲ. ಎಲ್ಲರಿಗೂ 2.6.18. ಸ್ಲ್ಯಾಕ್‌ವೇರ್‌ನಂಥ ಸಂಪ್ರದಾಯಸ್ಥ ವಿತರಣೆ ಕೂಡ ಅದೇ ವರ್ಷದ ಜುಲೈನಲ್ಲಿ, 12.0ರಲ್ಲಿ, 2.4ನ್ನು ಬಿಟ್ಟಿತು.

ಕರ್ನಲ್ ಒಂದೇ ಆದಾಗ ಹೊಸ ತೊಂದರೆ ಕಾಣಿಸಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಂಗಡಿಯಲ್ಲಿ ಸಿಗುವ ಹೊಸ ಲ್ಯಾಪ್‌ಟಾಪಿನ ಜಾಲಕಾರ್ಡನ್ನೋ ಡಿಸ್ಕ್ ಕಂಟ್ರೋಲರನ್ನೋ 2.6.18 ಗುರುತಿಸದಾಯಿತು. 2008ರ ಜುಲೈನಲ್ಲಿ ಡೆಬಿಯನ್ ‘ಎಚ್ ಅಂಡ್ ಎ ಹಾಫ್’ ಎಂಬ ಹೆಸರಿನಲ್ಲಿ 2.6.24ನ್ನು ಐಚ್ಛಿಕವಾಗಿ ಸೇರಿಸಿತು. ಬಳಕೆದಾರರಿಗೆ ಅದು ಉಪಕಾರವಾಯಿತು. ನಿರ್ವಾಹಕರು ಮಾತ್ರ ಮತ್ತೆ ಎರಡು ಕರ್ನಲ್ ಕಾಯುವವರಾದರು. ಆ ಪ್ರಯೋಗ ಮುಂದಿನ ಬಿಡುಗಡೆಗಳಲ್ಲಿ ನಡೆಯಲಿಲ್ಲ. ಅದರ ಬದಲು ಮುಖ್ಯವಾದ ಹೊಸ ಡ್ರೈವರ್‌ಗಳನ್ನು ಹಳೆಯ ಕರ್ನಲ್‌ಗೆ ತರುವುದು, ಪೂರ್ತಿ ಹೊಸ ಕರ್ನಲ್ ಬೇಕಾದವರಿಗೆ 2010ರಲ್ಲಿ ಅಧಿಕೃತವಾದ ‘ಬ್ಯಾಕ್‌ಪೋರ್ಟ್ಸ್’ ಭಂಡಾರದಿಂದ ಕೊಡುವುದು ರೂಢಿಯಾಯಿತು. ಬ್ಯಾಕ್‌ಪೋರ್ಟ್ಸ್ ಕರ್ನಲ್‌ಗೆ ಸ್ಥಿರ ಬಿಡುಗಡೆಯ ಭರವಸೆ ಇಲ್ಲ, ಅದು ಮುಂದೆ ಸಾಗುತ್ತಲೇ ಇರುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವಷ್ಟು ಮಾತ್ರ ಕೊಡುವ ಈ ಏರ್ಪಾಡು ಹೆಚ್ಚು ಪ್ರಾಮಾಣಿಕವೆಂದೇ ಹೇಳಬೇಕು.

ಉಬುಂಟು ಹಿಡಿದ ದಾರಿ ಬೇರೆ. 12.04ರ ಕಾಲದಿಂದ ಅದರ ದೀರ್ಘಾವಧಿ ಬಿಡುಗಡೆಗಳಲ್ಲಿ ಮೂಲ ಕರ್ನಲ್ ಒಂದಿದ್ದರೆ, ಹೊಸ ಯಂತ್ರಾಂಶಕ್ಕೆಂದು ಆರು ತಿಂಗಳಿಗೊಮ್ಮೆ ಮೇಲೇರುವ ಇನ್ನೊಂದು ಸರಣಿಯೂ ಇರುತ್ತದೆ. ಇಷ್ಟನ್ನು ನಿಭಾಯಿಸಲು ಕೆನಾನಿಕಲ್ ಕಂಪನಿಯ ಸಂಬಳದ ತಂಡ ಅದರ ಬೆನ್ನಿಗಿದೆ.

2.6.32

2009ರ ಡಿಸೆಂಬರ್‌ನಲ್ಲಿ ಬಂದ 2.6.32 ಈ ಕಥೆಯ ತಿರುವು. ಉಬುಂಟು 10.04, ಸೂಸೆಯ ಎಂಟರ್‌ಪ್ರೈಸ್ 11ರ ಮೊದಲ ಸರ್ವಿಸ್ ಪ್ಯಾಕ್, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6, 2011ರ ಫೆಬ್ರುವರಿಯ ಡೆಬಿಯನ್ ‘ಸ್ಕ್ವೀಜ್’ ಎಲ್ಲವೂ ಇದೇ ಆವೃತ್ತಿಯ ಮೇಲೆ ನಿಂತವು. ವ್ಯಾಪಾರದಲ್ಲಿ ಎದುರಾಳಿಗಳಾದವರು, ಹಣವೇ ಇಲ್ಲದ ಸ್ವಯಂಸೇವಕರು, ಎಲ್ಲರ ದುರಸ್ತಿಗಳೂ ಒಂದೇ ದೀರ್ಘಾವಧಿ ಶಾಖೆಗೆ ಹರಿದು ಬಂದವು. ಒಬ್ಬರ ಗ್ರಾಹಕರಿಗೆ ಕಂಡ ತಪ್ಪು ಇನ್ನೊಬ್ಬರ ಬಳಕೆದಾರರಿಗೆ ಕಾಣುವ ಮೊದಲೇ ಸರಿಯಾಯಿತು. ಕೊನೆಗೆ ವಿಲಿ ತಾರೋ ಅವರ ಕೈಯಲ್ಲಿ ಆ ಶಾಖೆ 2016ರ ಮಾರ್ಚ್‌ವರೆಗೆ, ಆರು ವರ್ಷಕ್ಕೂ ಹೆಚ್ಚು ಕಾಲ, ಬದುಕಿತು.

ಇದಕ್ಕೂ ಮೊದಲು 2.6.16ನ್ನು ಎಡ್ರಿಯನ್ ಬುಂಕ್ 2006ರಿಂದ ಎರಡು ವರ್ಷ ಕಾಪಾಡಿದ್ದರು, ಅನಂತರ 2.6.27ಕ್ಕೂ ದೀರ್ಘಾವಧಿ ಸಿಕ್ಕಿತ್ತು. ಆದರೆ ಹಲವು ವಿತರಣೆಗಳು ಒಂದೇ ಆವೃತ್ತಿಗೆ ಬಂದರೆ ಎಲ್ಲರ ಭಾರವೂ ಹಗುರಾಗುತ್ತದೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು 2.6.32. ಅದರ ಬೆನ್ನಿಗೆ ವರ್ಷಕ್ಕೊಂದು ಆವೃತ್ತಿಯನ್ನು ‘ಎಲ್‌ಟಿಎಸ್’ ಎಂದು ಗುರುತಿಸಿ ಕನಿಷ್ಠ ಎರಡು ವರ್ಷ ನೋಡಿಕೊಳ್ಳುವ ಪದ್ಧತಿ ನೆಲೆನಿಂತಿತು. ಸಾಮಾನ್ಯವಾಗಿ ಅದು ವರ್ಷಾಂತ್ಯದ ಆವೃತ್ತಿ.

ಎಲ್‌ಟಿಎಸ್ ಅಲ್ಲದ್ದನ್ನು ಆರಿಸಿ, ತಾನೇ ಅದಕ್ಕೆ ದೀರ್ಘಾಯುಷ್ಯ ಕೊಟ್ಟ ಉದಾಹರಣೆಯೂ ಡೆಬಿಯನ್‌ನಲ್ಲಿದೆ. 2013ರ ‘ವೀಜಿ’ಗೆ 3.2, 2015ರ ‘ಜೆಸ್ಸಿ’ಗೆ 3.16 ಆಯ್ಕೆಯಾದವು. ಡೆಬಿಯನ್‌ನ ಬೆನ್ ಹಚಿಂಗ್ಸ್ ಆ ಎರಡೂ ಶಾಖೆಗಳ ಪಾಲನೆಯನ್ನು ಮೂಲ ಯೋಜನೆಯಲ್ಲೇ ವಹಿಸಿಕೊಂಡರು. ಅವರು ಹೆಣೆದ ಪ್ಯಾಚುಗಳು 3.2 ಬಳಸುತ್ತಿದ್ದ ಉಬುಂಟು 12.04ರವರಿಗೂ ದಕ್ಕಿದವು. ಆಮೇಲಿನ ಆಯ್ಕೆಗಳು ಎಲ್‌ಟಿಎಸ್‌ಗೆ ಹೊಂದಿಕೊಂಡಿವೆ: 2017ರ ‘ಸ್ಟ್ರೆಚ್’ಗೆ 4.9, 2019ರ ‘ಬಸ್ಟರ್’ಗೆ 4.19, 2021ರ ‘ಬುಲ್ಸ್ಐ’ಗೆ 5.10, 2023ರ ‘ಬುಕ್‌ವರ್ಮ್’ಗೆ 6.1. ಇವುಗಳಲ್ಲಿ 5.10 ಮತ್ತು 6.1 ಎರಡೂ ಡಿಸೆಂಬರ್‌ನಲ್ಲಿ ಹೊರಬಂದು, ಮುಂದಿನ ಜನವರಿಯಲ್ಲಿ ಆರಂಭವಾದ, ಬಿಡುಗಡೆಗೆ ಮುನ್ನ ಹೊಸ ಬದಲಾವಣೆಗಳನ್ನು ಹಂತಹಂತವಾಗಿ ನಿಲ್ಲಿಸುವ ಡೆಬಿಯನ್‌ನ ‘ಫ್ರೀಜ್’ ಅವಧಿಗೆ ಸರಿಯಾಗಿ ಕೈಗೆ ಸಿಕ್ಕವು.

ಯಾವ ಆವೃತ್ತಿ ಎಲ್‌ಟಿಎಸ್ ಆಗುತ್ತದೆಂದು ತೀರಾ ಮೊದಲೇ ಸಾರಿದರೆ, ಅರೆಬೆಂದ ಡ್ರೈವರ್‌ಗಳನ್ನು ಅದರೊಳಗೆ ತೂರಿಸಲು ಕಂಪನಿಗಳು ನುಗ್ಗುತ್ತವೆ ಎಂಬ ಆತಂಕ ಕರ್ನಲ್ ಬಳಗದಲ್ಲಿ ಹಿಂದಿನಿಂದಲೂ ಇದೆ. ಮೊದಲೇ ಹೆಸರು ತಿಳಿದಿದ್ದ 4.9, ಬದಲಾವಣೆಗಳ ಸಂಖ್ಯೆಯಲ್ಲಿ ಅದುವರೆಗಿನ ಅತಿ ದೊಡ್ಡ ಬಿಡುಗಡೆಯಾಗಿತ್ತು.

ಆರು ವರ್ಷ, ಎರಡು ವರ್ಷ, ಹತ್ತು ವರ್ಷ

2017ರಲ್ಲಿ ಆಂಡ್ರಾಯ್ಡ್ ಫೋನುಗಳ ಒತ್ತಡದಿಂದ 4.4ರ ಪಾಲನೆಯನ್ನು ಆರು ವರ್ಷಕ್ಕೆ ಹಿಗ್ಗಿಸಲಾಯಿತು. ಚಿಪ್ ತಯಾರಕರು ಒಂದು ಕರ್ನಲ್ ಹಿಡಿದು ಎರಡು ವರ್ಷ ಕೆಲಸ ಮಾಡಿ ಫೋನು ಹೊರತರುವಷ್ಟರಲ್ಲಿ ಆ ಕರ್ನಲ್‌ನ ಆಯುಷ್ಯವೇ ಮುಗಿದಿರುತ್ತಿತ್ತು. ಮುಂದಿನ ಕೆಲವು ಎಲ್‌ಟಿಎಸ್‌ಗಳಿಗೂ ಆರು ವರ್ಷ ಸಿಕ್ಕಿತು. 4.19 ಎಂಬ ಸರಣಿ 2024ರ ಡಿಸೆಂಬರ್‌ನಲ್ಲಿ ಕೊನೆಗೊಂಡಾಗ ಅದರ ಅಂತಿಮ ಬಿಡುಗಡೆಯ ಸಂಖ್ಯೆ 4.19.325. ಆರು ವರ್ಷಗಳಲ್ಲಿ ಮುನ್ನೂರ ಇಪ್ಪತ್ತೈದು ಬಾರಿ ಒಂದೇ ಕರ್ನಲ್‌ಗೆ ತೇಪೆ ಹಾಕಲಾಗಿದೆ.

ಅಷ್ಟು ದುಡಿದದ್ದನ್ನು ಬಳಸುವವರು ಕೊನೆಯ ವರ್ಷಗಳಲ್ಲಿ ಬಹಳ ಕಡಿಮೆ. ದುಡಿಯುವವರು ಅದಕ್ಕಿಂತ ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ನಡೆದ ಸಮಾವೇಶದಲ್ಲಿ, ಕರ್ನಲ್ ಬೆಳವಣಿಗೆಯನ್ನು ವರದಿ ಮಾಡುವ ಜೊನಾಥನ್ ಕಾರ್ಬೆಟ್, ಹೊಸ ಎಲ್‌ಟಿಎಸ್‌ಗಳ ಅವಧಿ ಮತ್ತೆ ಎರಡು ವರ್ಷಕ್ಕೆ ಇಳಿಯಲಿದೆ ಎಂದು ತಿಳಿಸಿದರು. ನಿರ್ವಾಹಕರ ದಣಿವು ಅದಕ್ಕೊಂದು ಮುಖ್ಯ ಕಾರಣ. ವಿತರಣೆ ಐದು ವರ್ಷ ಬಾಳುವುದಾದರೆ, ಮೂಲ ಯೋಜನೆ ಬಿಟ್ಟುಕೊಟ್ಟ ಮೇಲಿನ ವರ್ಷಗಳ ಭಾರ ಮರಳಿ ವಿತರಣೆಯ ಹೆಗಲಿಗೇ ಬರುತ್ತದೆ.

ರೈಲ್ವೆ ನಿಯಂತ್ರಣ, ವಿದ್ಯುತ್ ಕೇಂದ್ರಗಳಂಥ ಕಡೆ ಐದು ವರ್ಷವೂ ಸಾಲದು. ಅದಕ್ಕೆಂದೇ 2016ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಅಡಿಯಲ್ಲಿ ಸೀಮೆನ್ಸ್, ತೋಶಿಬಾ, ಹಿಟಾಚಿ ಮೊದಲಾದ ಕಂಪನಿಗಳು ಸೇರಿ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಕಟ್ಟಿದವು. 4.4, 4.19, 5.10, 6.1ರಂತೆ ಕೆಲವನ್ನು ಮಾತ್ರ ಆರಿಸಿ ಹತ್ತು ವರ್ಷ ಪಾಲಿಸುವುದು ಅದರ ಸಂಕಲ್ಪ. ಇವುಗಳಲ್ಲಿ ಕೊನೆಯ ಮೂರೂ ಡೆಬಿಯನ್ ಆರಿಸಿದ ಆವೃತ್ತಿಗಳೇ.

ರೆಡ್ ಹ್ಯಾಟ್ ಮಾದರಿ

ಹತ್ತು ವರ್ಷದ ಭರವಸೆಯನ್ನು ಹಣಕ್ಕೆ ಮಾರುವ ರೆಡ್ ಹ್ಯಾಟ್ ಎಲ್‌ಟಿಎಸ್ ಪಟ್ಟಿಯನ್ನು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಅದರ ಎಂಟನೆಯ ಆವೃತ್ತಿಗೆ 4.18, ಒಂಬತ್ತನೆಯದಕ್ಕೆ 5.14. ಎರಡೂ ಎಲ್‌ಟಿಎಸ್ ಅಲ್ಲ. ಹೊರಗೆ 4.18 ಎಂಬ ಹಣೆಪಟ್ಟಿ ಇದ್ದರೂ, ವರ್ಷ ಕಳೆದಂತೆ ಒಳಗೆ ಮುಂದಿನ ಎಷ್ಟೋ ಆವೃತ್ತಿಗಳ ಡ್ರೈವರ್, ಜಾಲ, ಕಡತ ವ್ಯವಸ್ಥೆಯ ಕೋಡ್ ಬಂದು ಸೇರಿರುತ್ತದೆ. ಹೊರಗಿನ ಕಂಪನಿಗಳು ಕರ್ನಲ್‌ಗೆ ಜೋಡಿಸುವ ಮಾಡ್ಯೂಲ್‌ಗಳು ಮುರಿಯದಂತೆ ಆಯ್ದ ಕೆಲವು ಒಳ ಸಂಪರ್ಕಗಳನ್ನು ಮಾತ್ರ ಬದಲಿಸದೆ ಕಾಯುತ್ತಾರೆ. ಮೂಲ ಯೋಜನೆ ಇಂಥ ಭರವಸೆಯನ್ನು ಬೇಕೆಂದೇ ಕೊಡುವುದಿಲ್ಲ. ಬಳಕೆದಾರರ ತಂತ್ರಾಂಶ ಮುರಿಯಬಾರದು ಎಂಬುದು ಟೊರ್ವಾಲ್ಡ್ಸ್ ಅವರ ಕಟ್ಟಪ್ಪಣೆ. ಕರ್ನಲ್‌ನ ಒಳಗಿನ ಸಂಪರ್ಕಗಳು ಮಾತ್ರ ಯಾವಾಗ ಬೇಕಾದರೂ ಬದಲಾಗಬಹುದು.

ಈ ಮಾದರಿ ಬ್ಯಾಂಕು, ವಿಮಾನಯಾನದಂಥ ಗ್ರಾಹಕರಿಗೆ ಒಗ್ಗುತ್ತದೆ. ಸ್ವಯಂಸೇವಕರ ವಿತರಣೆ ಇದನ್ನು ಅನುಕರಿಸಹೊರಟರೆ ಸಾರ್ಜ್ ಕಾಲದ ಕಷ್ಟವೇ ಮರುಕಳಿಸುತ್ತದೆ. ಇತ್ತ ಫೆಡೋರ ತನ್ನ ಬಿಡುಗಡೆಯ ಅವಧಿಯಲ್ಲೇ ಹೊಸ ಕರ್ನಲ್‌ಗೆ ಏರುತ್ತದೆ. ಆರ್ಚ್ ಯಾವಾಗಲೂ ಇತ್ತೀಚಿನದನ್ನು ಕೊಟ್ಟು ಪಕ್ಕದಲ್ಲಿ ಒಂದು ಎಲ್‌ಟಿಎಸ್ ಇಟ್ಟುಕೊಂಡಿರುತ್ತದೆ.

2023ರ ಡಿಸೆಂಬರ್

ಮೂಲ ಯೋಜನೆಯ ಶಾಖೆಯನ್ನು ನಂಬಿ ನಡೆಯುವುದರಲ್ಲಿಯೂ ಅಪಾಯವಿದೆ. ಬುಕ್‌ವರ್ಮ್‌ನ ಮೂರನೆಯ ಪರಿಷ್ಕರಣೆ 12.3, 2023ರ ಡಿಸೆಂಬರ್ 9ಕ್ಕೆ ನಿಗದಿಯಾಗಿತ್ತು. ಅದರಲ್ಲಿ ಸೇರಿದ್ದ ಕರ್ನಲ್ 6.1.64. ಪ್ಯಾಕೇಜುಗಳು ಭಂಡಾರಕ್ಕೆ ಸೇರುತ್ತಿದ್ದ ದಿನವೇ, ಆ ಕರ್ನಲ್ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ದತ್ತಾಂಶ ಕೆಡಿಸಬಲ್ಲದು ಎಂಬ ಸುದ್ದಿ ಖಚಿತವಾಯಿತು. ಇಎಕ್ಸ್‌ಟಿ4 ಡೆಬಿಯನ್‌ನ ಸಹಜ ಆಯ್ಕೆಯಾದ ಕಡತ ವ್ಯವಸ್ಥೆ.

ತಪ್ಪು ನುಸುಳಿದ ಬಗೆಯನ್ನು ಗಮನಿಸಬೇಕು. ಮುಖ್ಯ ಶಾಖೆಯಲ್ಲಿ ಎರಡು ಬದಲಾವಣೆಗಳು ಬೇರೆ ಬೇರೆ ಸಮಯದಲ್ಲಿ ಆಗಿದ್ದವು. ಡಿಸ್ಕಿಗೆ ನೇರವಾಗಿ ಬರೆಯುವಾಗ ಕಡತದಲ್ಲಿ ಎಲ್ಲಿಯವರೆಗೆ ಬರೆದಾಯಿತು ಎಂಬ ಗುರುತನ್ನು ಯಾವ ಹಂತದಲ್ಲಿ ಮುಂದೊತ್ತಬೇಕು ಎಂಬುದನ್ನು ಮೊದಲನೆಯದು ಬದಲಿಸಿತ್ತು. ಎರಡನೆಯದು ಇಎಕ್ಸ್‌ಟಿ4ನ ಒಂದು ದುರಸ್ತಿ, ಮೊದಲನೆಯದು ಇದೆಯೆಂದು ನಂಬಿ ಬರೆದದ್ದು. ಹಳೆಯ 6.1ಕ್ಕೆ ಎರಡನೆಯದು ಬಂತು, ಮೊದಲನೆಯದು ಬರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಪ್ಯಾಚ್ ಸರಿಯಾಗಿಯೇ ಇತ್ತು, ಅದು ಬಂದು ಕೂತ ಜಾಗ ಅದಕ್ಕೆ ಸಿದ್ಧವಾಗಿರಲಿಲ್ಲ.

ಡೆಬಿಯನ್ 12.3ರ ಅನುಸ್ಥಾಪನಾ ಡಿಸ್ಕ್‌ಗಳನ್ನು ತಡೆಹಿಡಿಯಿತು, ಅಪ್‌ಡೇಟ್ ಮಾಡಬೇಡಿ ಎಂದು ಬಳಕೆದಾರರನ್ನು ಎಚ್ಚರಿಸಿತು, ಮಾರನೆಯ ದಿನ 6.1.66 ಹಾಕಿ 12.4 ಹೊರತಂದಿತು. ಆಗಲೇ ಅಪ್‌ಡೇಟ್ ಆದವರ ಯಂತ್ರದಲ್ಲಿ 6.1.0-14 ಎಂಬ ಹೆಸರಿನ ಕೆಟ್ಟ ಕರ್ನಲ್ ಪಕ್ಕದಲ್ಲೇ ಹಿಂದಿನ 6.1.0-13 ಉಳಿದಿತ್ತು. ಯಂತ್ರ ಶುರುವಾಗುವಾಗ ಕಾಣುವ ಗ್ರಬ್ ಪಟ್ಟಿಯಿಂದ ಅದನ್ನು ಆರಿಸಿ ಯಂತ್ರ ಏಳಿಸಿ, 6.1.0-15 ಬರುವವರೆಗೆ ಸುರಕ್ಷಿತವಾಗಿ ಇರಬಹುದಿತ್ತು. ಹಳೆಯ ಕರ್ನಲ್ಲನ್ನು ಕೂಡಲೇ ಅಳಿಸದೆ ಇಟ್ಟುಕೊಳ್ಳುವ ವ್ಯವಸ್ಥೆ ಎಷ್ಟು ಬೆಲೆಬಾಳುವುದೆಂದು ಅಂದು ಗೊತ್ತಾಯಿತು.

ಇಷ್ಟಾದರೂ ಡೆಬಿಯನ್ ಸ್ಟೇಬಲ್ ಶಾಖೆಯನ್ನು ಪೂರ್ತಿಯಾಗಿ ತೆಗೆದುಕೊಳ್ಳುವ ನೀತಿ ಬಿಡಲಿಲ್ಲ, ಬಿಡದೇ ಇದ್ದದ್ದು ಸರಿ. ಭದ್ರತಾ ಪ್ಯಾಚುಗಳನ್ನಷ್ಟೇ ಹೆಕ್ಕುತ್ತೇವೆಂದರೆ ಯಾವುದು ಭದ್ರತೆಗೆ ಸಂಬಂಧಿಸಿದ್ದು ಎಂದು ಹೇಳುವವರು ಯಾರು? ಕರ್ನಲ್‌ನಲ್ಲಿ ಯಾವ ಸಾಮಾನ್ಯ ತಪ್ಪೂ ನಾಳೆ ದಾಳಿಯ ಬಾಗಿಲಾಗಬಹುದು. 2024ರ ಫೆಬ್ರುವರಿಯಲ್ಲಿ ಕರ್ನಲ್ ಯೋಜನೆ ತನ್ನ ದೋಷಗಳಿಗೆ, ಭದ್ರತಾ ದೋಷಗಳನ್ನು ಗುರುತಿಸುವ ಸಿವಿಇ ಸಂಖ್ಯೆಗಳನ್ನು ತಾನೇ ಕೊಡಲಾರಂಭಿಸಿದ ಮೇಲೆ ಆ ಸಂಖ್ಯೆಗಳು ವರ್ಷಕ್ಕೆ ಸಾವಿರಗಳಲ್ಲಿ ಬರುತ್ತಿವೆ. ಅವನ್ನು ಒಂದೊಂದಾಗಿ ತೂಗಿ ಆರಿಸುವುದು ಸಣ್ಣ ತಂಡಕ್ಕೆ ಸಾಧ್ಯವೇ ಇಲ್ಲ.

ಹಳೆಯದೇ ಸುರಕ್ಷಿತ, ಹೊಸದೇ ಸುರಕ್ಷಿತ ಎಂಬ ಎರಡು ನಂಬಿಕೆಗಳಿಗೂ ಆಧಾರ ಸಾಲದು. 2016ರಲ್ಲಿ ಬಯಲಾದ ‘ಡರ್ಟಿ ಕೌ’ ದೋಷ 2007ರ 2.6.22ರಿಂದಲೂ ಇತ್ತು. ಆಗ ಬಳಕೆಯಲ್ಲಿದ್ದ ಯಾವ ವಿತರಣೆಯೂ ಪಾರಾಗಲಿಲ್ಲ. 2022ರ ಮಾರ್ಚ್‌ನ ‘ಡರ್ಟಿ ಪೈಪ್’ ಹುಟ್ಟಿದ್ದು 5.8ರಲ್ಲಿ. 5.10ರ ಬುಲ್ಸ್ಐ ಅದಕ್ಕೆ ಸಿಕ್ಕಿತು, 4.19ರ ಬಸ್ಟರ್ ತಪ್ಪಿಸಿಕೊಂಡಿತು. 2018ರ ಜನವರಿಯ ‘ಮೆಲ್ಟ್‌ಡೌನ್’ ಎಂಬ ಪ್ರೊಸೆಸರ್ ದೋಷ ಇದಕ್ಕೆ ವಿರುದ್ಧ: ಹೊಸ ಕರ್ನಲ್‌ಗಳಿಗೆ ಬಂದ ಪರಿಹಾರವನ್ನು 4.4 ಮತ್ತು 4.9ಕ್ಕೆ ಹಾಗೆಯೇ ಹೊಂದಿಸಲಾಗದೆ, ಅವುಗಳಿಗೆ ಬೇರೊಂದು ರೂಪದ ಪ್ಯಾಚ್ ಕೊಡಬೇಕಾಯಿತು.

ಉಳಿದ ಕಟ್ಟುಪಾಡುಗಳು

ಕರ್ನಲ್ ಆಯ್ಕೆ ಒಂಟಿ ನಿರ್ಧಾರವಲ್ಲ. ಬಿಡುಗಡೆಯಿಂದ ಬಿಡುಗಡೆಗೆ ಏರುವಾಗ ಸ್ವಲ್ಪ ಹೊತ್ತಾದರೂ ಹಳೆಯ ಕರ್ನಲ್ ಮೇಲೆ ಹೊಸ ತಂತ್ರಾಂಶ ಓಡಬೇಕು. ಯುಡೆವ್, ಸಿಸ್ಟಮ್‌ಡಿ, ಸಿ ಲೈಬ್ರರಿಯಂಥ ತಳಮಟ್ಟದ ತಂತ್ರಾಂಶಗಳಿಗೆಲ್ಲ ಕನಿಷ್ಠ ಇಂಥ ಕರ್ನಲ್ ಬೇಕೆಂಬ ಷರತ್ತು ಇರುವುದರಿಂದ, ತೀರಾ ಹಳೆಯದನ್ನು ಆರಿಸಿದ ವಿತರಣೆ ಮುಂದಿನ ಬಿಡುಗಡೆಗೆ ಏರುವ ದಾರಿಯನ್ನೇ ಕಿರಿದು ಮಾಡಿಕೊಳ್ಳುತ್ತದೆ. ಎನ್‌ವಿಡಿಯ ಡ್ರೈವರ್, ಝಡ್‌ಎಫ್‌ಎಸ್, ವರ್ಚುಯಲ್‌ಬಾಕ್ಸ್‌ನಂಥ ಹೊರಗಿನ ಮಾಡ್ಯೂಲ್‌ಗಳು ಆಯ್ದ ಕರ್ನಲ್ ಮೇಲೆ ಕಟ್ಟಬರಬೇಕು. ಪ್ರೊಸೆಸರ್ ವಿನ್ಯಾಸಗಳೂ ನಿಂತ ನೀರಲ್ಲ. ಮೂಲ 386 ಚಿಪ್ಪನ್ನು 3.8ರಲ್ಲೂ ಐಟೇನಿಯಮ್ಮನ್ನು 6.7ರಲ್ಲೂ ಕರ್ನಲ್ ಕೈಬಿಟ್ಟಿತು. ಅಂಥ ಯಂತ್ರ ಉಳಿಸಿಕೊಂಡವರಿಗೆ ಅದಕ್ಕೂ ಹಿಂದಿನ ಎಲ್‌ಟಿಎಸ್ಸೇ ಗತಿ. ಡೆಬಿಯನ್ ಒಮ್ಮೆ ಲಿನಕ್ಸನ್ನೇ ದಾಟಿ ನೋಡಿದ್ದೂ ಉಂಟು. ಸ್ಕ್ವೀಜ್ ಮತ್ತು ವೀಜಿಯಲ್ಲಿ ಫ್ರೀಬಿಎಸ್‌ಡಿ ಕರ್ನಲ್ ಮೇಲೆ ಓಡುವ ಆವೃತ್ತಿ ಪ್ರಾಯೋಗಿಕವಾಗಿ ಇತ್ತು, ಜೆಸ್ಸಿಯಿಂದ ನಿಂತಿತು.

ಒಂದು ವಿತರಣೆಯ ಆಯ್ಕೆ ಅದನ್ನು ಆಧರಿಸಿದ ಇತರ ವಿತರಣೆಗಳ ಮೇಲೂ ಪ್ರಭಾವ ಬೀರುತ್ತದೆ. ಚೆನ್ನೈನ ಸಿ-ಡ್ಯಾಕ್ ರೂಪಿಸಿದ, ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ನೆಲೆ ಕೊಡುವ ಬಾಸ್ ಲಿನಕ್ಸ್ ಡೆಬಿಯನ್‌ನ ಮೇಲೆ ನಿಂತಿದೆ.

2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ‘ಟ್ರಿಕ್ಸಿ’ಯ ಕರ್ನಲ್ 6.12. ಬಹುಕಾಲ ಹೊರಗಿನ ಪ್ಯಾಚ್ ಆಗಿಯೇ ಉಳಿದಿದ್ದ ರಿಯಲ್‌ಟೈಮ್ (ನಿಗದಿತ ಸಮಯದೊಳಗೆ ಪ್ರತಿಕ್ರಿಯಿಸುವ) ಸೌಲಭ್ಯ ಮುಖ್ಯ ಶಾಖೆಗೆ ಸೇರಿದ್ದು ಇದೇ ಆವೃತ್ತಿಯಲ್ಲಿ. 32 ಬಿಟ್‌ನ ಹಳೆಯ ಪಿಸಿಗಳಿಗೆ ಡೆಬಿಯನ್ ಕರ್ನಲ್ ಕಟ್ಟುವುದನ್ನು ನಿಲ್ಲಿಸಿದ್ದೂ ಇದೇ ಬಿಡುಗಡೆಯಲ್ಲಿ. ರೆಡ್ ಹ್ಯಾಟ್‌ನ ಹತ್ತನೆಯ ಆವೃತ್ತಿ, ಸೂಸೆಯ ಹದಿನಾರನೆಯದು, ಒರಾಕಲ್ ತನ್ನ ವಿತರಣೆಗೆಂದು ಕಟ್ಟುವ ಯುಇಕೆ ಕರ್ನಲ್‌ನ ಎಂಟನೆಯ ಆವೃತ್ತಿ ಎಲ್ಲವೂ 6.12ರ ಮೇಲೆಯೇ ಇವೆ. 2.6.32ರ ಅನಂತರ ಇಷ್ಟು ದೊಡ್ಡ ವಿತರಣೆಗಳು ಒಂದೇ ಆವೃತ್ತಿಯಲ್ಲಿ ಒಟ್ಟಾಗಿರುವುದು ಅಪರೂಪ.